ಮನೇಲಿ ತೆಲುಗು, ಶಾಲೇಲಿ ಕನ್ನಡ, ಜೊತೆಗೆ ಇಂಗ್ಲಿಷ್ ಸ್ಪೆಲ್ಲಿಂಗ್

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್ ಬೇರೆ. ಮಕ್ಕಳಿಗೆ ತಲೆ ಕೆಡೋದಿಲ್ವಾ ಅಂತ ಕೇಳಿದ್ದೀರಿ. ನಾನು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆಯವನು, ಆರು-ಏಳನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎರಡು ಭಾಷೆ ಇಲ್ಲಿ ಯಾರಿಗೂ ಭಾರ ಅಲ್ಲ. 1953ರ ಅಕ್ಟೋಬರ್‌ವರೆಗೆ ನಮ್ಮ ಬಳ್ಳಾರಿ, ಈಗ ಆಂಧ್ರದಲ್ಲಿರುವ ಆದೋನಿ ಎರಡೂ ಮದ್ರಾಸ್ ರಾಜ್ಯದ ಒಂದೇ ಜಿಲ್ಲೆಯಲ್ಲಿದ್ದವು. ನಡುವೆ ಗಡಿ ಬಂತು, ಬೀಗತನ ನಿಲ್ಲಲಿಲ್ಲ. ನಮ್ಮ ಮಕ್ಕಳು ಅವ್ವನ ಹತ್ತಿರ ತೆಲುಗು, ಗೆಳೆಯರ ಹತ್ತಿರ ಕನ್ನಡ ಆಡುತ್ತಲೇ ಬೆಳೆಯುತ್ತಾರೆ.

ಕಷ್ಟ ಇರುವುದು ಅಕ್ಷರದಲ್ಲಿ. ಕನ್ನಡದ 'ಕ' ಓದುವಾಗಲೂ 'ಕ'ನೇ. ತೆಲುಗಲ್ಲೂ ಹಾಗೇ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು 'ಎಚ್', ಓದುವುದು 'ಹ'. ಇರುವ 26 ಅಕ್ಷರಗಳಲ್ಲೇ ಸುಮಾರು 44 ಧ್ವನಿ ಹೊರಡಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಇದೆ. ಆದರೂ ಎಷ್ಟೋ ಮಕ್ಕಳು ಆರನೇ ಕ್ಲಾಸಿಗೆ ಬಂದಾಗ ಇಡೀ ಪಾಠವನ್ನು ದುಂಡಗೆ ಕಾಪಿ ಮಾಡುತ್ತಾರೆ, ಹೊಸ ಪದ ಕಂಡರೆ ಸುಮ್ನೆ ನಿಂತುಬಿಡುತ್ತಾರೆ. 'ಬುಕ್' ಬರೆಯಿರಿ ಅಂದರೆ ಕೊನೆಗೊಂದು 'ಯು' ಸೇರಿಸುತ್ತಾರೆ. ಊರಲ್ಲಿ ಎಲ್ಲರೂ ಹೇಳುವುದು 'ಬುಕ್ಕು' ತಾನೇ? ಅದಕ್ಕೆ ದಡ್ಡರು ಅನ್ನಬಾರದು. ಕಿವಿಗೆ ಬಿದ್ದದ್ದನ್ನು ನಿಯತ್ತಾಗಿ ಬರೆದಿದ್ದಾರೆ. ಆ ಕಿವಿಯೇ ನಮಗೆ ಬೇಕಾದ್ದು.

ನಾನು ಕ್ಲಾಸಿನಲ್ಲಿ ತೊಳೆದು ಒಣಗಿಸಿದ ಯೂರಿಯಾ ಚೀಲ ನೇತುಹಾಕುತ್ತೇನೆ. ಭತ್ತದ ನಾಡಿನಲ್ಲಿ ಅದಕ್ಕೇನೂ ಬರ ಇಲ್ಲ. 2015ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ ಕಡ್ಡಾಯ, ಹಾಗಾಗಿ ಚೀಲದ ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ 'ನೀಮ್ ಕೋಟೆಡ್' ಅಂತ ಇರುತ್ತದೆ. 'ನೀಮ್' ತೋರಿಸಿ, ಎರಡು 'ಇ' ಅಕ್ಕಪಕ್ಕ ನಿಂತರೆ 'ಈ' ಅಂತ ಹೇಳುತ್ತೇನೆ. 'ಕೋಟ್'ನಲ್ಲಿ 'ಓ' ಪಕ್ಕ 'ಎ' ನಿಂತಿದೆ, ಎರಡೂ ಸೇರಿ ಓಕಾರ. ಆಮೇಲೆ ಬೋರ್ಡಿನ ಮೇಲೆ ಬೋಟ್, ಗೋಟ್, ರೋಡ್ ಬರೆಯುತ್ತೇನೆ. ಹಿಂದಿನ ಬೆಂಚಿನವರೂ ತಾವಾಗಿಯೇ ಓದುತ್ತಾರೆ! ಕಾಗುಣಿತ ಬಂದ ಮಕ್ಕಳಿಗೆ ದೀರ್ಘ ಅಂದರೇನು ಅಂತ ಹೇಳಬೇಕಿಲ್ಲ, ಅಲ್ವಾ? ಇಂಗ್ಲಿಷಿನಲ್ಲಿ ಅದನ್ನು ಹೇಗೆ ಬರೆಯುತ್ತಾರೆ ಅಂತ ತೋರಿಸಿದರೆ ಸಾಕು. 'ಹಾಪ್' ಕೊನೆಗೆ ಒಂದು 'ಇ' ಬಂದರೆ 'ಹೋಪ್'. ಆ 'ಇ' ತಾನು ಮಾತ್ರ ಬಾಯಿ ಬಿಡುವುದಿಲ್ಲ.

ಉಕ್ತಲೇಖನವನ್ನು ನಾನು ಬಿಟ್ಟಿಲ್ಲ. ಆದರೆ ಒಂದು ದಿನಕ್ಕೆ ಒಂದೇ ಧ್ವನಿಯ ಐದಾರು ಪದ, ಅಷ್ಟೇ. 'ವೆಟ್' ಅಂದರೆ ಒದ್ದೆಯೋ ದನದ ಡಾಕ್ಟರೋ ಅನ್ನುವುದು 'ಡಬ್ಲ್ಯು', 'ವಿ' ಎರಡಕ್ಕೂ ಇರುವ ನಮ್ಮ ಒಂದೇ 'ವ'ದಿಂದ ಗೊತ್ತಾಗುವುದಿಲ್ಲ. 'ನೈಫ್' ಶುರುವಿನ 'ಕೆ', 'ಬರೆ' ಅನ್ನುವ 'ರೈಟ್' ಶುರುವಿನ 'ಡಬ್ಲ್ಯು', ಈ ಮೂಕ ಅಕ್ಷರಗಳೂ ಅಷ್ಟೇ. ಇಂಥವನ್ನು ನೋಡಿ ನೋಡಿಯೇ ರೂಢಿ ಮಾಡಿಕೊಳ್ಳಬೇಕು.

ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಕೆಲವರು ಮನೆಯವರ ಜೊತೆ ಹೊಲಕ್ಕೆ ಹೋಗಿ ವಾರಗಟ್ಟಲೆ ಬರುವುದಿಲ್ಲ. ಅಷ್ಟರಲ್ಲಿ ಬಾಯಿಪಾಠ ಮಾಡಿದ ಸ್ಪೆಲ್ಲಿಂಗ್ ಹಾರಿಹೋಗಿರುತ್ತದೆ. 'ಓ' ಪಕ್ಕ 'ಎ' ಬಂದರೆ ಓಕಾರ ಅನ್ನುವುದು ಮಾತ್ರ ಇರುತ್ತದೆ. ಹೊಸ ಪಾಠದಲ್ಲಿ 'ಸೋಪ್' ಸಿಕ್ಕರೆ, ಎಂದೂ ಬರೆಯದಿದ್ದರೂ ಓದಿಬಿಡುತ್ತಾರೆ.