ಕಾರಿನ ಸ್ಪಾರ್ಕ್ ಪ್ಲಗ್ (ಎಂಜಿನ್‌ನಲ್ಲಿ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವುದು): ಕಡಿಮೆ ಬೆಲೆಯದ್ದು ಸಾಕಾ, ಇರಿಡಿಯಂ ಬೇಕಾ?

ಪ್ರಶ್ನೆ: ನನ್ನದು 2013ರ ವ್ಯಾಗನ್ ಆರ್, ಪೆಟ್ರೋಲ್. 78 ಸಾವಿರ ಕಿಲೋಮೀಟರ್ ಓಡಿದೆ. ವರ್ಷಕ್ಕೆ ಏಳೆಂಟು ಸಾವಿರ ಓಡಿಸಿದರೆ ಅದೇ ಹೆಚ್ಚು. ಈಚೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ನಡುಗುತ್ತದೆ, ಏರಿನಲ್ಲಿ ಪಿಕಪ್ ಇಲ್ಲ. ಗ್ಯಾರೇಜಿನವರು ಇರಿಡಿಯಂ ಪ್ಲಗ್ ಹಾಕಿಸಿ, ಮೈಲೇಜ್ ಜಾಸ್ತಿ ಬರುತ್ತೆ, ಎಲ್ಲಾ ಸೇರಿ 3 ಸಾವಿರ ಆಗುತ್ತೆ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ನೋಡಿದರೆ ಮೂರು ಪ್ಲಗ್‌ಗೆ 199 ರೂಪಾಯಿ. ಯಾವುದು ತಗೊಳ್ಳಲಿ? — ಅರಸೀಕೆರೆಯ ಓದುಗರು

ಉತ್ತರ: ಎರಡೂ ಬೇಡ. ನಿಮಗೆ ಬೇಕಿರುವುದು ನಡುವಿನದು: ನಿಮ್ಮ ಕಾರಿನ ಪುಸ್ತಕದಲ್ಲಿ ಬರೆದಿರುವ ನಂಬರಿನದೇ ಮಾಮೂಲಿ ನಿಕ್ಕಲ್ ಪ್ಲಗ್, ನಂಬಿಕೆಯ ಅಂಗಡಿಯಿಂದ, ಬಿಲ್ ಸಮೇತ. ಒಂದಕ್ಕೆ ಸುಮಾರು 100ರಿಂದ 200 ರೂಪಾಯಿ ಒಳಗೆ ಸಿಗುತ್ತದೆ. ನಿಮ್ಮ ಎಂಜಿನ್‌ಗೆ ಮೂರೇ ಸಿಲಿಂಡರ್, ಹಾಗಾಗಿ ಮೂರೇ ಪ್ಲಗ್.

ಆದರೆ ದುಡ್ಡು ಕೊಡುವ ಮುಂಚೆ ಹಳೆ ಪ್ಲಗ್‌ಗಳನ್ನು ಬಿಚ್ಚಿಸಿ ಒಂದು ಸಲ ನೋಡಿ. ಯಾವ ಸಿಲಿಂಡರ್‌ನದು ಯಾವುದು ಅಂತ ಗುರುತಿಟ್ಟುಕೊಂಡು ಸಾಲಾಗಿ ಜೋಡಿಸಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ, ಪ್ಲಗ್ ಸವೆದಿದೆ ಅಷ್ಟೇ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಮೊದಲು ಏರ್ ಫಿಲ್ಟರ್ ನೋಡಿ. ಎಣ್ಣೆ ಜಿಡ್ಡು ಇದ್ದರೆ ವಾಲ್ವ್ ಸೀಲೋ ಪಿಸ್ಟನ್ ರಿಂಗೋ ಸವೆದಿರಬಹುದು, ಅಲ್ಲಿಗೆ ಎಷ್ಟು ದುಬಾರಿ ಪ್ಲಗ್ ಹಾಕಿದರೂ ಸ್ವಲ್ಪ ದಿನಕ್ಕೆ ಮತ್ತೆ ಅದೇ ಗತಿ. ತುದಿ ಸುಣ್ಣದ ಹಾಗೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ, ಅದನ್ನು ಬಿಟ್ಟು ಪ್ಲಗ್ ಮಾತ್ರ ಬದಲಾಯಿಸಬೇಡಿ. ಇನ್ನೊಂದು ಮಾತು. ನಿಮ್ಮ ಕಾರಿನಲ್ಲಿ ಪ್ರತಿ ಪ್ಲಗ್‌ನ ಮೇಲೂ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಒಂದೊಂದು ಕಾಯಿಲ್ ಕೂತಿರುತ್ತದೆ. ಒಂದೇ ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತದಿದ್ದರೆ, ಅದರ ಕಾಯಿಲನ್ನು ಪಕ್ಕದ್ದರ ಜತೆ ಅದಲುಬದಲು ಮಾಡಿಸಿ. ಮಿಸ್ಸಿಂಗ್ ಕೂಡ ಪಕ್ಕಕ್ಕೆ ಹೋದರೆ ತಪ್ಪು ಕಾಯಿಲ್‌ನದು, ಪ್ಲಗ್‌ನದಲ್ಲ. ಇದಕ್ಕೆ ಐದು ನಿಮಿಷ ಸಾಕು, ಒಂದು ಪೈಸೆ ಖರ್ಚಿಲ್ಲ. ಆದರೂ ಎಷ್ಟೋ ಕಡೆ ಇದನ್ನು ಮಾಡದೆ ನೇರವಾಗಿ ಹೊಸ ಸಾಮಾನು ಹಾಕುತ್ತಾರೆ, ಅದೇ ನನಗೆ ಬೇಜಾರು.

ಈಗ ಇರಿಡಿಯಂ ವಿಷಯ. ಅದು ಕೆಟ್ಟದ್ದಲ್ಲ, ತುಂಬಾ ಒಳ್ಳೆಯ ಲೋಹ. ನಿಕ್ಕಲ್ ಸುಮಾರು 1455 ಡಿಗ್ರಿಗೆ ಕರಗಿದರೆ ಇರಿಡಿಯಂ ಕರಗಲು 2400 ಡಿಗ್ರಿ ದಾಟಬೇಕು. ಅದಕ್ಕೇ ತುದಿಯನ್ನು ಸೂಜಿಯಂತೆ ಸಣ್ಣಗೆ ಮಾಡಿದರೂ ಬೇಗ ಸವೆಯುವುದಿಲ್ಲ, ಸುಮಾರು 1 ಲಕ್ಷ ಕಿಲೋಮೀಟರ್ ಬಾಳುತ್ತದೆ. ನಿಕ್ಕಲ್ ಸಾಮಾನ್ಯವಾಗಿ 30-40 ಸಾವಿರಕ್ಕೆ ಮುಗಿಯುತ್ತದೆ. ಹಾಗಂತ ಲೆಕ್ಕ ಹಾಕಿ ನೋಡಿ. 150 ರೂಪಾಯಿಯ ಮೂರು ನಿಕ್ಕಲ್ ಪ್ಲಗ್ 450 ಆಯಿತು, 40 ಸಾವಿರ ಕಿಲೋಮೀಟರ್‌ಗೆ ಹಂಚಿದರೆ ಕಿಲೋಮೀಟರ್‌ಗೆ ಒಂದು ಪೈಸೆ ಚಿಲ್ಲರೆ. 700ರ ಮೂರು ಇರಿಡಿಯಂ 2100 ಆಯಿತು, 1 ಲಕ್ಷಕ್ಕೆ ಹಂಚಿದರೂ ಕಿಲೋಮೀಟರ್‌ಗೆ ಎರಡು ಪೈಸೆ. ಅದೂ ಅಲ್ಲದೆ ವರ್ಷಕ್ಕೆ ಎಂಟು ಸಾವಿರ ಓಡಿಸುವ ನಿಮಗೆ ಆ 1 ಲಕ್ಷ ಮುಗಿಯಲು ಹನ್ನೆರಡು ವರ್ಷಕ್ಕೂ ಹೆಚ್ಚು ಬೇಕು. ಈಗಾಗಲೇ ಹಳೆಯದಾದ ಕಾರಿಗೆ ಆ ದುಡ್ಡು ಸುಮ್ನೆ ಯಾಕೆ?

ಮೈಲೇಜ್ ಮಾತು ಹೇಗೆ ಹುಟ್ಟಿತು ಅಂತ ಗೊತ್ತಾ? ಸವೆದ ಪ್ಲಗ್ ತೆಗೆದು ಹೊಸದು ಹಾಕಿದರೆ ಕಾರು ಚೆನ್ನಾಗಿ ಓಡುತ್ತದೆ, ಮೈಲೇಜ್ ಕೂಡ ಸುಧಾರಿಸುತ್ತದೆ. ಅದು ಹೊಸ ಪ್ಲಗ್‌ನ ಗುಣ, ಇರಿಡಿಯಂನದ್ದಲ್ಲ. ಹೊಸ ನಿಕ್ಕಲ್ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಪ್ಲಗ್‌ನ ತುದಿಯಲ್ಲಿ ಒಂದು ನಡುಕಡ್ಡಿ, ಅದರಿಂದ ಕಿಡಿ ಹಾರುವ ಒಂದು ಬಾಗಿದ ಕಡ್ಡಿ ಇರುತ್ತದೆ. ಬಾಗಿದ ಕಡ್ಡಿ ನಾಲ್ಕು ಇರುವ ಪ್ಲಗ್ ತೋರಿಸಿ ನಾಲ್ಕು ಪಟ್ಟು ಕಿಡಿ ಅನ್ನುವವರೂ ಇದ್ದಾರೆ. ಕಿಡಿ ಒಂದು ಸಲಕ್ಕೆ ಒಂದೇ ಕಡ್ಡಿಗೆ ಹಾರುತ್ತದೆ, ನಾಲ್ಕಕ್ಕೂ ಅಲ್ಲ. ನಾಲ್ಕು ಇದ್ದರೆ ಸವೆಯುವುದು ನಿಧಾನ ಆಗಬಹುದು, ಅಷ್ಟೇ.

ಆದರೆ ಇದನ್ನೇ ಎಲ್ಲಾ ಕಾರಿಗೂ ಹಿಡಿಯಬೇಡಿ. ಟರ್ಬೊ ಪೆಟ್ರೋಲ್ ಕಾರುಗಳಿಗೆ, ಅಥವಾ ಪ್ಲಗ್ ತೆಗೆಯಲು ಎಂಜಿನ್ ಮೇಲಿನ ಅರ್ಧ ಸಾಮಾನು ಬಿಚ್ಚಬೇಕಾದ ಕಾರುಗಳಿಗೆ, ಕಂಪನಿಯವರು ಇರಿಡಿಯಂ ಹೇಳಿದ್ದರೆ ಇರಿಡಿಯಂ ಅನ್ನೇ ಹಾಕಿಸಿ. ಅಲ್ಲಿ ನಿಕ್ಕಲ್‌ಗೆ ಇಳಿದರೆ ಉಳಿಸಿದ ದುಡ್ಡು ಎರಡನೇ ಸಲದ ಕೂಲಿಗೇ ಹೋಗುತ್ತದೆ.

ಇನ್ನು 199ರ ಸೆಟ್. ನಮ್ಮಲ್ಲಿ ಡೂಪ್ಲಿಕೇಟ್ ಪ್ಲಗ್‌ಗಳ ಕಾಟ ನಿಜಕ್ಕೂ ಇದೆ. ಡಬ್ಬಿ ಥೇಟ್ ಹಾಗೇ ಇರುತ್ತದೆ, ಬೆಲೆ ಮಾತ್ರ ಕಡಿಮೆ. ಕೈಗೆ ತಗೊಂಡು ನೋಡಿ. ಪಿಂಗಾಣಿಯ ಮೇಲಿನ ಅಕ್ಷರ ಉಗುರಿನಲ್ಲಿ ಉಜ್ಜಿದರೆ ಅಳಿಸಬಾರದು. ಥ್ರೆಡ್ ನುಣ್ಣಗಿರಬೇಕು. ವಾಷರ್ ಸುಲಭವಾಗಿ ಕಳಚಿ ಬರಬಾರದು. ಬಾಗಿದ ಕಡ್ಡಿ ನಡುಕಡ್ಡಿಯ ಸರಿಯಾಗಿ ಮೇಲೆ ಇರಬೇಕು, ಓರೆ ಇರಬಾರದು. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಈಗಿನ ಕಾರುಗಳ ಪ್ಲಗ್‌ನೊಳಗೆ ಒಂದು ರೆಸಿಸ್ಟರ್ ಇರುತ್ತದೆ, ಮೇಲಿನ ತುದಿಯಿಂದ ನಡುಕಡ್ಡಿಗೆ ಅಳೆದರೆ ಸುಮಾರು 5 ಸಾವಿರ ಓಮ್ ತೋರಿಸಬೇಕು. ಸೊನ್ನೆ ತೋರಿಸಿದರೆ ಒಳಗೆ ರೆಸಿಸ್ಟರ್ ಇಲ್ಲ. ಅಂಥದ್ದನ್ನು ಹಾಕಿದರೆ ರೇಡಿಯೊ ಗರಗರ ಅನ್ನುವುದಲ್ಲದೆ ಎಂಜಿನ್ ಕಂಪ್ಯೂಟರ್‌ಗೂ ತೊಂದರೆ ಆಗಬಹುದು. ಬೆಂಗಳೂರಿಗೆ ಹೋದಾಗ ವಾಹನದ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರೋಡಿನಲ್ಲಿ ತಗೊಂಡರೂ ಬಿಲ್ ಕೇಳಿ. ಬಿಲ್ ಕೊಡಲ್ಲ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ.

ನಂಬರ್ ಬಗ್ಗೆ ಒಂದಿಷ್ಟು ಹೇಳಲೇಬೇಕು, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ. ಪ್ಲಗ್‌ನ ಮೇಲೆ ಬಿಪಿಆರ್6ಇಎಸ್ ಅನ್ನುವ ಥರದ ಅಕ್ಷರ ಇರುತ್ತದೆ. ಇದು ಎನ್‌ಜಿಕೆ ಕಂಪನಿಯ ಬರವಣಿಗೆ. ಬಿ ಅಂದರೆ ಥ್ರೆಡ್ 14 ಮಿಲಿಮೀಟರ್ ದಪ್ಪ, ಆರ್ ಅಂದರೆ ರೆಸಿಸ್ಟರ್ ಇದೆ, ಇ ಅಂದರೆ ಥ್ರೆಡ್ 19 ಮಿಲಿಮೀಟರ್ ಉದ್ದ. ಕೊನೆಯಲ್ಲಿ 11 ಅಂತ ಸೇರಿದ್ದರೆ ಗ್ಯಾಪ್, ಅಂದರೆ ಎರಡು ಕಡ್ಡಿಗಳ ನಡುವಿನ ಸಂದು, 1.1 ಮಿಲಿಮೀಟರ್. ನಡುವಿನ 6 ಇದೆಯಲ್ಲ, ಅದು ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಎಂಜಿನ್‌ಗೆ ಬಿಟ್ಟುಕೊಡುತ್ತದೆ ಅನ್ನುವ ಲೆಕ್ಕ. ಎನ್‌ಜಿಕೆಯಲ್ಲಿ ನಂಬರ್ ಏರಿದಂತೆ ಪ್ಲಗ್ ತಣ್ಣಗೆ. ಬಾಷ್‌ನಲ್ಲಿ ಪೂರ್ತಿ ಉಲ್ಟಾ, ನಂಬರ್ ಏರಿದಂತೆ ಬಿಸಿ. ನಮ್ಮ ಹಳೆ ಮೆಕ್ಯಾನಿಕ್‌ಗಳಿಗೆ ಪ್ಲಗ್ ಅಂದರೆ ಮೈಕೋ ಪ್ಲಗ್. 1951ರಲ್ಲಿ ಶುರುವಾದ, ಬೆಂಗಳೂರಿನ ಆ ಮೈಕೋ ಕಂಪನಿಯೇ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಆ ನಂಬರ್ ತಲೆಯಲ್ಲಿಟ್ಟುಕೊಂಡು ಇನ್ನೊಂದು ಕಂಪನಿಯ ಪ್ಲಗ್‌ನಲ್ಲೂ ಅದೇ ನಂಬರ್ ಹುಡುಕಿದರೆ ತಪ್ಪು ಪ್ಲಗ್ ಕೈಗೆ ಬರುತ್ತದೆ. ತೀರಾ ತಣ್ಣಗಿನದು ಮಸಿ ಕಟ್ಟುತ್ತದೆ, ತೀರಾ ಬಿಸಿಯದು ಕಿಡಿಗೆ ಮುಂಚೆಯೇ ಪೆಟ್ರೋಲ್ ಹೊತ್ತಿಸಿ ಪಿಸ್ಟನ್ ಹಾಳು ಮಾಡುತ್ತದೆ. ಥ್ರೆಡ್ ಉದ್ದ ತಪ್ಪಿದರೆ ಇನ್ನೂ ಕಷ್ಟ, ಉದ್ದದ ಪ್ಲಗ್‌ಗೆ ಪಿಸ್ಟನ್ ಬಂದು ಗುದ್ದಬಹುದು. ಬೇರೆ ಕಂಪನಿಯದು ತಗೊಳ್ಳಿ, ತಪ್ಪಿಲ್ಲ. ಆದರೆ ಆ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಕಾರಿನ ಹೆಸರು, ವರ್ಷ, ಎಂಜಿನ್ ಮೂರೂ ನೋಡಿ ತಗೊಳ್ಳಿ.

ಹಾಕುವಾಗ ಎಂಜಿನ್ ತಣ್ಣಗಿರಲಿ. ಬಿಚ್ಚುವ ಮೊದಲು ಪ್ಲಗ್ ಕೂತಿರುವ ಗುಂಡಿಯೊಳಗಿನ ಧೂಳನ್ನು ಗಾಳಿ ಹೊಡೆಸಿ ತೆಗೆಸಿ. ಹೊಸ ಪ್ಲಗ್‌ನ ಮೇಲ್ತುದಿಗೆ ಒಂದು ತುಂಡು ಪೆಟ್ರೋಲ್ ಪೈಪ್ ಸಿಕ್ಕಿಸಿ ಕೈಯಲ್ಲೇ ತಿರುಗಿಸಿ. ಥ್ರೆಡ್ ಓರೆ ಹಿಡಿದರೆ ಪೈಪ್ ಜಾರುತ್ತದೆ, ಹೆಡ್ (ಪ್ಲಗ್ ಕೂರುವ ಎಂಜಿನ್‌ನ ಮೇಲ್ಭಾಗ) ಉಳಿಯುತ್ತದೆ. ಕೈಯಲ್ಲಿ ಬಿಗಿಯಾದ ಮೇಲೆ, ವಾಷರ್ ಇರುವ ಹೊಸ 14 ಮಿಲಿಮೀಟರ್ ಪ್ಲಗ್‌ಗೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ಸಾಕು. ಟಾರ್ಕ್ ರೆಂಚ್ ಇದ್ದರೆ 25ರಿಂದ 30 ನ್ಯೂಟನ್ ಮೀಟರ್. ಅಲ್ಯೂಮಿನಿಯಂ ಹೆಡ್ ಅದು, ಬಲ ಹಾಕಿ ಬಿಗಿದರೆ ಥ್ರೆಡ್ ಹೋಗುತ್ತದೆ. 450 ರೂಪಾಯಿ ಕೆಲಸಕ್ಕೆ ಹೋಗಿ ಹೆಡ್ ಬಿಚ್ಚಿಸುವ ಹಾಗೆ ಆದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ನನ್ನ 2006ರ ಹೋಂಡಾ ಸಿಟಿಗೆ ಎಂಟು ಪ್ಲಗ್ ಬೇಕು ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ನಾಲ್ಕು ಸಿಲಿಂಡರ್‌ಗೆ ಎಂಟಾ? ಮೋಸ ಅಲ್ವಾ? — ಮೈಸೂರಿನ ಓದುಗರು

ಉತ್ತರ: ಮೋಸ ಅಲ್ಲ, ಅವರು ಸರಿಯಾಗಿಯೇ ಹೇಳಿದ್ದಾರೆ. ನಿಮ್ಮದು ಐ-ಡಿಎಸ್‌ಐ ಎಂಜಿನ್ ಆದರೆ ಪ್ರತಿ ಸಿಲಿಂಡರ್‌ಗೆ ಎರಡು ಪ್ಲಗ್, ಒಟ್ಟು ಎಂಟು. ಅದೇ ಕಾಲದ ವಿಟೆಕ್ ಎಂಜಿನ್‌ನ ಸಿಟಿಗೆ ನಾಲ್ಕೇ. ಹಿಂದಿನ ಸಾಲಿಗೆ ಕೈ ಹೋಗುವುದು ಕಷ್ಟ, ಹಾಗಾಗಿ ಕೆಲವರು ಮುಂದಿನ ನಾಲ್ಕು ಮಾತ್ರ ಬದಲಾಯಿಸಿ ಕಳಿಸುತ್ತಾರೆ. ಎಂಟೂ ಹಳೆ ಪ್ಲಗ್ ಕೈಗೆ ಕೊಡಿ ಅಂತ ಮೊದಲೇ ಹೇಳಿಬಿಡಿ.

ಪ್ರಶ್ನೆ: ಹಳೆ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಿದ್ದೇನೆ. ಸಿಎನ್‌ಜಿಯಲ್ಲಿ ಓಡುವಾಗ ಆಗಾಗ ಮಿಸ್ ಹೊಡೆಯುತ್ತೆ, ಪೆಟ್ರೋಲ್‌ನಲ್ಲಿ ಸರಿ ಇದೆ. ಪ್ಲಗ್‌ಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕಬಹುದಾ? — ಹುಬ್ಬಳ್ಳಿಯ ಓದುಗರು

ಉತ್ತರ: ಉಜ್ಜಬೇಡಿ, ಬದಲಾಯಿಸಿ. ಸಿಎನ್‌ಜಿ ಹೊತ್ತಿಸಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು. ಪ್ಲಗ್ ಸವೆದು ಗ್ಯಾಪ್ ದೊಡ್ಡದಾದಾಗ ಪೆಟ್ರೋಲ್ ಹೇಗೋ ಹೊತ್ತಿಕೊಳ್ಳುತ್ತದೆ, ಸಿಎನ್‌ಜಿ ಕೈಕೊಡುತ್ತದೆ. ನಿಮ್ಮ ಲಕ್ಷಣ ಅದಕ್ಕೆ ಹೊಂದುತ್ತದೆ. ಉಜ್ಜಿದರೆ ಮಸಿ ಹೋಗುತ್ತದೆ, ಸವೆದ ಲೋಹ ವಾಪಸ್ ಬರುವುದಿಲ್ಲ. ತಂತಿ ಬ್ರಷ್ ಆದರೆ ಪಿಂಗಾಣಿಯ ಮೇಲೆ ಲೋಹದ ಗೀಟು ಬಿಟ್ಟು ಕಿಡಿ ಅತ್ತಲೇ ಸೋರಿಹೋಗುವಂತೆ ಮಾಡಬಹುದು. ಅದೇ ನಂಬರಿನ ಹೊಸ ನಿಕ್ಕಲ್ ಪ್ಲಗ್ ತಗೊಳ್ಳಿ, ಗ್ಯಾಪ್ ಸ್ವಲ್ಪ ಕಡಿಮೆ ಮಾಡಬೇಕಾ ಅಂತ ಕಿಟ್ ಹಾಕಿದವರನ್ನು ಕೇಳಿ ಫೀಲರ್ ಗೇಜ್‌ನಲ್ಲಿ ಅಳೆದು ಹಾಕಿಸಿ. ಸಿಎನ್‌ಜಿಯಲ್ಲಿ ಪ್ಲಗ್ ಬೇಗ ಸವೆಯುತ್ತದೆ, ಹಾಗಾಗಿ 40 ಸಾವಿರಕ್ಕೆ ಕಾಯದೆ 20 ಸಾವಿರಕ್ಕೇ ಒಮ್ಮೆ ಬಿಚ್ಚಿಸಿ ನೋಡಿ. ಸವೆದ ಪ್ಲಗ್ ಇಟ್ಟುಕೊಂಡು ಓಡಿಸಿದರೆ ಕಾಯಿಲ್ ಮೇಲೆ ಭಾರ ಬೀಳುತ್ತದೆ, ಒಂದು ಕಾಯಿಲ್‌ನ ಬೆಲೆಗೆ ಪ್ಲಗ್‌ಗಳ ಎರಡು ಮೂರು ಸೆಟ್ ಬರುತ್ತವೆ.