ಹಳೇ ಚರ್ಚಿನ ಸ್ಮಶಾನದಲ್ಲಿ ಅಜ್ಜನ ಅಜ್ಜನ ಸಮಾಧಿ ಹುಡುಕಿ ವಂಶವೃಕ್ಷ ಶುರು ಮಾಡುವುದು ಹೇಗೆ?

ಸಮಾಧಿಯಿಂದ ಶುರು ಮಾಡಲೇಬೇಡಿ.

ಮಂಗಳೂರು ಕಡೆಯ ಚರ್ಚು, ಅಜ್ಜನ ಅಜ್ಜನ ಹೆಸರು ಗೊತ್ತು, ಕಲ್ಲು ಸಿಕ್ಕಿದರೆ ಅಲ್ಲಿಂದ ಹಿಂದಕ್ಕೆ, ಹಿರಿಯರು ಬಂದ ಗೋವಾದವರೆಗೆ ಹೋಗಬೇಕು ಅಂತ ಬರೆದಿದ್ದೀರಿ. ನಾನೂ ಇದೇ ದಾರಿ ಹಿಡಿದಿದ್ದೆ. ಅದು ನನ್ನನ್ನು ಬೇರೆಯವರ ಮನೆ ಬಾಗಿಲಿಗೆ ಕೊಂಡುಹೋಗಿ ನಿಲ್ಲಿಸಿತು.

ಅಜ್ಜನ ಅಜ್ಜನ ಬಗ್ಗೆ ನಮ್ಮಲ್ಲಿ ಉಳಿದಿದ್ದ ವಿಷಯ ಕಡಿಮೆ. ಹೆಸರು ಗೊತ್ತಿತ್ತು, ಚರ್ಚು ಗೊತ್ತಿತ್ತು. ಅವರು ತೀರಿಕೊಂಡಾಗ ಮುತ್ತಜ್ಜ ಇನ್ನೂ ಸಣ್ಣ ಹುಡುಗ ಅನ್ನುವ ಮಾತು ಇತ್ತು. ಅವರ ಹೆಂಡತಿಯ ಹೆಸರನ್ನು ನಮ್ಮ ಅಜ್ಜಿ ಯಾವಾಗಲೋ ಹೇಳಿದ್ದರು. ಅದನ್ನು ಒಂದು ಹಳೇ ಡೈರಿಯಲ್ಲಿ ಬರೆದಿಟ್ಟಿದ್ದೆ, ಅಷ್ಟೇ.

ಆ ಸ್ಮಶಾನ ಚರ್ಚಿನ ಹಿಂದೆ ಇಳಿಜಾರಿನಲ್ಲಿದೆ. ಮೇಲ್ಗಡೆ ಗ್ರಾನೈಟ್ ಹಾಸಿದ ಹೊಸ ಸಮಾಧಿಗಳು. ಕೆಳಗೆ ಪಾಗಾರದ ಬುಡದಲ್ಲಿ ಕೆಂಪು ಕಲ್ಲು ಕಟ್ಟಿದ ಹಳೆಯವು. ಅವುಗಳಲ್ಲಿ ಒಂದಕ್ಕೆ ಮಾತ್ರ ಕರಿ ಕಲ್ಲಿನ ಫಲಕ ಇತ್ತು. ಕೊಂಕಣಿ ಮಾತು, ಕನ್ನಡ ಅಕ್ಷರ. ಮೇಲೆ ಸಣ್ಣ ಶಿಲುಬೆ, ಅದರ ಕೆಳಗೆ ನನಗೆ ಬೇಕಾದ ಹೆಸರು, ಬೇಕಾದ ಅಡ್ಡಹೆಸರು, 1893 ಅನ್ನುವ ಇಸವಿ. ಅದರ ಕೆಳಗೆ ಮಣ್ಣು. ಮಳೆಗಾಲದಲ್ಲಿ ಮೇಲಿಂದ ಇಳಿದ ಮಣ್ಣು ಕಲ್ಲಿನ ಕೆಳಭಾಗವನ್ನು ಮುಚ್ಚಿತ್ತು. ನನಗೆ ಕಂಡದ್ದೇ ಸಾಕಾಗಿತ್ತು. ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದೆ.

ಆಮೇಲೆ ಮಾಡಿದ್ದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದನ್ನೇ ಮಾಡುವ ಸಾಧ್ಯತೆ ಜಾಸ್ತಿ. ಕಲ್ಲಿನ ಹೆಸರು ಹಿಡಿದುಕೊಂಡು ಚರ್ಚಿನ ಮದುವೆ ಪುಸ್ತಕ ನೋಡಿದೆವು. ಆ ಹೆಸರಿನವರ ಮದುವೆ ಸಿಕ್ಕಿತು. ಆದರೆ ಹೆಂಡತಿಯ ಹೆಸರು ಅಜ್ಜಿ ಹೇಳಿದ ಹೆಸರಲ್ಲ. ಅಲ್ಲೇ ನಿಲ್ಲಬೇಕಿತ್ತು. ನಾನು ನಿಲ್ಲಲಿಲ್ಲ. "ಎರಡನೇ ಮದುವೆ ಇರಬೇಕು" ಅಂದುಕೊಂಡೆ. ಆ ಕಾಲದಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡು ಗಂಡ ಮತ್ತೆ ಮದುವೆಯಾಗುವುದು ಸಾಮಾನ್ಯ, ಹಾಗಾಗಿ ಆ ಮಾತು ಯಾರಿಗೂ ವಿಚಿತ್ರ ಅನಿಸಲಿಲ್ಲ. ಆದರೆ ಎರಡನೇ ಮದುವೆಗೆ ಒಂದೇ ಒಂದು ಸಾಲಿನ ದಾಖಲೆ ನನ್ನ ಹತ್ತಿರ ಇರಲಿಲ್ಲ. ಮೊದಲ ಹೆಂಡತಿಯ ಸಾವು ಹುಡುಕಬೇಕಿತ್ತು, ಹುಡುಕಲಿಲ್ಲ. ಎರಡನೇ ಮದುವೆಯ ದಿನಾಂಕ ಹುಡುಕಬೇಕಿತ್ತು, ಅದನ್ನೂ ಹುಡುಕಲಿಲ್ಲ. ಕಲ್ಲು ಕಣ್ಣ ಮುಂದೆ ಇತ್ತು. ಅಜ್ಜಿಯ ಮಾತು ಬರೀ ಮಾತಾಗಿತ್ತು. ಕಲ್ಲಿಗೆ ತಾಳೆ ಆಗಲಿ ಅಂತ ಅಜ್ಜಿಯ ಮಾತನ್ನು ಬಗ್ಗಿಸಿದೆ.

ನಮ್ಮವರಲ್ಲಿ, ಅಂದರೆ ಮಂಗಳೂರು ಕಡೆಯ ಕಥೋಲಿಕರಲ್ಲಿ, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇದೆ, ನಿಮಗೂ ಗೊತ್ತಿರುತ್ತದೆ. ಅಂದರೆ ಒಬ್ಬ ಅಜ್ಜನಿಗೆ ನಾಲ್ಕು ಗಂಡುಮಕ್ಕಳಿದ್ದರೆ ಆ ನಾಲ್ಕೂ ಮನೆಯಲ್ಲಿ ಅದೇ ಹೆಸರಿನ ಹುಡುಗ ಇರಬಹುದು. ಅಡ್ಡಹೆಸರು ಒಂದೇ, ಚರ್ಚು ಒಂದೇ, ವಯಸ್ಸೂ ಆಸುಪಾಸು. ಇದನ್ನು ತಿಳಿದೂ ನಾನು ಹೆಸರೊಂದನ್ನೇ ನಂಬಿದೆ.

ಸಂಬಂಧಿಕರಿಗೆ ಖುಷಿಯೋ ಖುಷಿ. ಎಲ್ಲರೂ ಸೇರಿ ದುಡ್ಡು ಹಾಕಿ ಹಳೇ ಸಮಾಧಿಗೆ ಹೊಸ ಗ್ರಾನೈಟ್ ಹಾಕಿಸೋಣ ಅಂದರು. ಆ ಸಮಾಧಿಯನ್ನು ವಿಚಾರಿಸಿಕೊಂಡು ಬಹಳ ವರ್ಷಗಳಿಂದ ಯಾರೂ ಬಂದಿರಲಿಲ್ಲ, ಚರ್ಚಿನಿಂದ ಒಪ್ಪಿಗೆಯೂ ಸಿಕ್ಕಿತು. ಕೆಲಸದವರು ಹಾರೆ ಹಾಕಿ ಎಬ್ಬಿಸುವಾಗ ಹಳೇ ಫಲಕ ಒಡೆದು ಎರಡಾಯಿತು. ಕೆಳಗಿನ ತುಂಡನ್ನು ತಿರುಗಿಸಿ ಮಣ್ಣು ಒರೆಸಿದೆ. ಅಲ್ಲಿ ಹೆಂಡತಿಯ ಹೆಸರಿತ್ತು, ಮದುವೆ ಪುಸ್ತಕದಲ್ಲಿದ್ದದ್ದೇ. ಅದರ ಕೆಳಗೆ ಮನೆಯ ಹೆಸರು. ಅದು ನಮ್ಮ ಮನೆಯಲ್ಲ. ಚರ್ಚಿನ ಆಚೆ ಬದಿಯ ವಾಳೆಯಲ್ಲಿ (ಚರ್ಚಿನ ವಾರ್ಡಿಗೆ ನಾವು ವಾಳೆ ಅನ್ನುತ್ತೇವೆ) ಇವತ್ತಿಗೂ ಆ ಮನೆ ಇದೆ.

ಕೈಯಿಂದ ಸ್ವಲ್ಪ ಮಣ್ಣು ಸರಿಸಿದ್ದರೆ ಮೊದಲ ದಿನವೇ ಓದಬಹುದಿತ್ತು.

ಆ ವಾಳೆಯ ಮುಖಂಡರಾದ ಗುರಿಕಾರರನ್ನು ಕರೆದುಕೊಂಡು ಆ ಮನೆಗೆ ಹೋದೆ. ವಯಸ್ಸಾದ ಒಬ್ಬರು ಅಮ್ಮ ಜಗಲಿಯಲ್ಲಿ ಕೂತಿದ್ದರು. ನಡೆದದ್ದೆಲ್ಲ ಹೇಳಿದೆ. "ನಮ್ಮವರ ಕಲ್ಲು ತೆಗೆಯುವ ಮೊದಲು ಒಂದು ಮಾತು ಕೇಳಬೇಕಿತ್ತು ಮಗಾ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ನಮ್ಮ ಮನೆ ಯಾವುದು ಅಂತ ವಿಚಾರಿಸಿದರು. ಹೇಳಿದೆ. "ಓ, ಕೆಳಗಿನ ಗದ್ದೆಯವರು. ಗೇಣಿ ಕೊಟ್ಟು ಉಳಿದರೆ ಊಟ. ಅವರಿಗೆ ಕಲ್ಲು ಹಾಕಿಸಲಿಕ್ಕೆ ಎಲ್ಲಿಂದ ಬರಬೇಕು?"

ಅಷ್ಟು ದಿನ ನನಗೆ ಹೊಳೆಯದೇ ಇದ್ದದ್ದು ಇದೇ. ಹೆಚ್ಚಿನವರಿಗೆ ಕಲ್ಲೇ ಇರಲಿಲ್ಲ. ಮಣ್ಣು ಮಾಡಿ ಮರದ ಶಿಲುಬೆ ನೆಟ್ಟರೆ ನಾಲ್ಕು ಮಳೆಗಾಲಕ್ಕೆ ಅದು ಗೆದ್ದಲು ಪಾಲು. ಕೆಲವು ವರ್ಷ ಕಳೆದ ಮೇಲೆ ಅದೇ ಜಾಗದಲ್ಲಿ ಇನ್ನೊಬ್ಬರನ್ನು ಮಣ್ಣು ಮಾಡುತ್ತಾರೆ. ಕಲ್ಲು ಉಳಿಯುವುದು ಅದಕ್ಕೆ ದುಡ್ಡು ಕೊಟ್ಟ ಮನೆತನದ್ದು. ಕಲ್ಲು ಹುಡುಕುತ್ತಾ ಹೋದರೆ ನಿಮಗೆ ಸಿಗುವುದು ಊರಿನ ಸ್ಥಿತಿವಂತರು, ನಿಮ್ಮ ಹಿರಿಯರೇ ಆಗಿರಬೇಕೆಂದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಹೆಂಗಸರಿಂದ. ಅಜ್ಜಿಯ ಹೆಸರು, ಅಜ್ಜಿಯ ತವರು, ತವರಿನ ಚರ್ಚು. ಗಂಡಸರ ಹೆಸರು ಸುತ್ತಿ ಸುತ್ತಿ ಅದೇ ಬರುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರೂ ಮನೆಯ ಹೆಸರೂ ಒಟ್ಟಿಗೆ ತಾಳೆ ಆದರೆ ಮಾತ್ರ ಅದು ನಿಮ್ಮವರು. ಒಂದು ತಪ್ಪಿದರೂ ಗೆರೆ ಎಳೆಯಬೇಡಿ.

ಗೊತ್ತಿರುವುದರಲ್ಲಿ ಎಲ್ಲಕ್ಕಿಂತ ಹಳೇ ಮದುವೆಯಿಂದ ಹಿಂದಕ್ಕೆ ಹೋಗಿ. ಕಥೋಲಿಕ ಚರ್ಚುಗಳು ಜ್ಞಾನಸ್ನಾನದ (ಬ್ಯಾಪ್ಟಿಸಮ್) ಮತ್ತು ಮದುವೆಯ ಪುಸ್ತಕ ಇಡಬೇಕು ಅನ್ನುವ ನಿಯಮ 1563ರ ಟ್ರೆಂಟ್ ಮಹಾಸಭೆಯದ್ದು. ಸಾವಿನ ಪುಸ್ತಕ 1614ರಿಂದ. ನಮ್ಮ ಕಡೆಯ ಹಳೇ ಪುಸ್ತಕಗಳಲ್ಲಿ ಲ್ಯಾಟಿನ್ ಜಾಸ್ತಿ. ಮನೆಯಲ್ಲಿ ಜುವಾಂವ್ ಅಂತ ಕರೆಸಿಕೊಂಡವರು ಅಲ್ಲಿ ಯೊವಾನ್ನೆಸ್ ಆಗಿರುತ್ತಾರೆ. ಹೆದರಬೇಡಿ, ಎಲ್ಲ ಸಾಲೂ ಒಂದೇ ಅಚ್ಚಿನಲ್ಲಿ ಇರುತ್ತವೆ. ಹತ್ತು ಸಾಲು ಓದಿದರೆ ಹನ್ನೊಂದನೆಯದು ತಾನಾಗಿ ಓದಿಸಿಕೊಳ್ಳುತ್ತದೆ. ಜ್ಞಾನಸ್ನಾನದ ಸಾಲಿನಲ್ಲಿ ತಂದೆ ತಾಯಿ ಮಾತ್ರ ಅಲ್ಲ, ಮಗುವಿಗೆ ನಿಂತ ಇಬ್ಬರ, ಅಂದರೆ ಗಾಡ್‌ಫಾದರ್, ಗಾಡ್‌ಮದರ್ ಹೆಸರೂ ಇರುತ್ತದೆ. ಅದನ್ನು ಬಿಡಲೇಬೇಡಿ, ಹೆಚ್ಚಾಗಿ ಅವರು ಅಜ್ಜ, ಅಜ್ಜಿ, ಮಾವ, ಅತ್ತೆಯೇ ಆಗಿರುತ್ತಾರೆ.

ನಮ್ಮ ಮುತ್ತಜ್ಜನ ಸಾಲು ನಾವು ಹುಡುಕುತ್ತಿದ್ದ ಚರ್ಚಿನಲ್ಲಿ ಇರಲೇ ಇಲ್ಲ. ಆ ಚರ್ಚು ಆಮೇಲೆ ಆದದ್ದು, ಅವರು ಹುಟ್ಟಿದಾಗ ಊರು ಪಕ್ಕದ ದೊಡ್ಡ ಚರ್ಚಿಗೆ ಸೇರಿತ್ತು. ಪುಸ್ತಕ ಅಲ್ಲಿತ್ತು. ತಂದೆಯ ಹೆಸರು ಸರಿ, ತಾಯಿಯ ಹೆಸರು ಅಜ್ಜಿ ಹೇಳಿದ್ದೇ. ಹಾಗಾಗಿ ನಿಮ್ಮ ಚರ್ಚು ಯಾವ ಚರ್ಚಿನಿಂದ ಬೇರೆಯಾಯಿತು ಅನ್ನುವುದನ್ನು ಮೊದಲು ಕೇಳಿ. ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶದ ಗಡಿಯೂ ಬದಲಾಗಿದೆ. ಉಡುಪಿ ಧರ್ಮಪ್ರಾಂತ್ಯ ಮಂಗಳೂರಿನಿಂದ ಬೇರೆಯಾದದ್ದು 2012ರಲ್ಲಿ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋದರೂ ಅಲ್ಲಿನ ಹಲವು ಚರ್ಚುಗಳು ಈಗಲೂ ಮಂಗಳೂರಿಗೇ ಸೇರಿವೆ.

ಫಾದರ್ ಹತ್ತಿರ ಹೋಗಿ "ಎಲ್ಲಾ ಪುಸ್ತಕ ಕೊಡಿ, ನೋಡುತ್ತೇನೆ" ಅಂದರೆ ಕೊಡುವುದಿಲ್ಲ, ಕೊಡಬಾರದು ಕೂಡ. ಹಾಳೆ ಮುಟ್ಟಿದರೆ ಪುಡಿಯಾಗುವ ಪುಸ್ತಕಗಳಿವೆ. ಹೆಸರು, ಹೆಂಡತಿಯ ಹೆಸರು, ಐದು ವರ್ಷದ ಅಂತರದಲ್ಲಿ ಇಸವಿ, ಮನೆ, ಇಷ್ಟನ್ನು ಬರೆದು ಕೊಟ್ಟು ಮುಂಚೆಯೇ ಸಮಯ ಕೇಳಿ. ಭಾನುವಾರ, ಹಬ್ಬದ ವಾರ ಬೇಡ.

ಇನ್ನು ಚರ್ಚಿನ ಹೊರಗೆ ಇರುವ ಒಂದು ದಾಖಲೆ. ನಿಮ್ಮವರು ಗೇಣಿದಾರರಾಗಿದ್ದರೆ ಇದನ್ನು ನಾನು ಸಮಾಧಿಗಿಂತ ಮೇಲೆ ಇಡುತ್ತೇನೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ ನಂಬರ್ 7ರಲ್ಲಿ ಡಿಕ್ಲರೇಶನ್ ಕೊಟ್ಟರಲ್ಲ, ಆ ಕಡತ ತಾಲೂಕು ಕಚೇರಿಯಲ್ಲಿ ಕೇಳಿ. ಯಾವ ಜಾಗ, ಯಾರ ಕಾಲದಿಂದ ಸಾಗುವಳಿ, ಧಣಿ ಯಾರು ಅನ್ನುವುದು ಅದರಲ್ಲಿ ಬರಬೇಕು. ನಮ್ಮ ಕಡತದಲ್ಲಿ ಅಜ್ಜ ಕೊಟ್ಟ ಹೇಳಿಕೆ ಇತ್ತು, ಅದರಲ್ಲಿ ಅವರ ಅಜ್ಜನ ಹೆಸರು ಮನೆಹೆಸರಿನ ಸಮೇತ ಇತ್ತು. ಹಳೇ ಮೂಲಗೇಣಿ (ಕಾಯಂ ಗೇಣಿ) ಚೀಟಿ ಪೆಟ್ಟಿಗೆಯಲ್ಲಿದ್ದರೆ ಅದೂ ಚಿನ್ನ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಅದಕ್ಕೂ ಹಿಂದಿನ ಸರ್ಕಾರಿ ಕಾಗದಗಳಿಗೆ ಚೆನ್ನೈನ ಎಗ್ಮೋರಿನ ದಾಖಲೆ ಭಂಡಾರದಲ್ಲಿ ನೋಡಬೇಕು. ಹಿರಿಯರು ಹೊನ್ನಾವರ, ಕಾರವಾರ ಕಡೆಯವರಾದರೆ ಬೇರೆ ದಾರಿ, ಉತ್ತರ ಕನ್ನಡ 1862ರಲ್ಲೇ ಬೊಂಬಾಯಿಗೆ ಹೋಗಿತ್ತು.

ನಿಮ್ಮದು ಪ್ರೊಟೆಸ್ಟೆಂಟ್ ಮನೆತನವಾಗಿದ್ದರೆ ಕೆಲಸ ಸ್ವಲ್ಪ ಸುಲಭ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಅವರು ಬರೆದಿಡುವ ಜನ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮೊದಲು ವಿಚಾರಿಸಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಭಂಡಾರದ ಹಳೇ ಫೋಟೋಗಳು ಇಂಟರ್ನೆಟ್‌ನಲ್ಲೇ ಇವೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಚರ್ಚ್ ದಾಖಲೆ ನೋಡಿ ಅಂತ ಕೆಲವರು ಹೇಳಬಹುದು. ಅವು ಮುಖ್ಯವಾಗಿ ಯುರೋಪಿಯನ್ನರದ್ದು, ಆಂಗ್ಲೋ ಇಂಡಿಯನ್ನರದ್ದು. ನಮ್ಮಂಥವರಿಗೆ ಅಲ್ಲಿ ಸಿಗುವುದು ಅಪರೂಪ.

ಗೋವಾ ವಿಷಯ. ಸದ್ಯಕ್ಕೆ ಅದನ್ನು ತಲೆಯಿಂದ ತೆಗೆದುಹಾಕಿ. 1784ರ ಫೆಬ್ರವರಿ 24ರಂದು ಟಿಪ್ಪುವಿನ ಆಜ್ಞೆಯ ಮೇಲೆ ಇಲ್ಲಿನ ಕಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಚರ್ಚುಗಳನ್ನು ಕೆಡವಿದರು. ಬದುಕಿ ಉಳಿದವರು ತಿರುಗಿ ಬಂದದ್ದು 1799ರ ನಂತರ. ಮಂಗಳೂರಿನ ಮಿಲಾಗ್ರಿಸ್‌ನಂಥ 1680ರ ಚರ್ಚನ್ನೇ ಮತ್ತೆ ಕಟ್ಟಬೇಕಾಯಿತು. ಹಾಗಾಗಿ ಅದಕ್ಕೂ ಹಿಂದಿನ ಪುಸ್ತಕ ಊರಿನ ಚರ್ಚಿನಲ್ಲಿ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅಡ್ಡಹೆಸರು ಹಿಡಿದು ಗೋವಾದ ಯಾವುದೋ ಊರಿಗೆ ಹಾರುವುದು ಇನ್ನೂ ದೊಡ್ಡ ತಪ್ಪು. ಡಿಸೋಜ, ಪಿಂಟೊ, ಲೋಬೊ ಇವೆಲ್ಲ ಜ್ಞಾನಸ್ನಾನದ ಹೊತ್ತಿಗೆ ಪಾದ್ರಿಯಿಂದಲೋ ಮಗುವಿಗೆ ನಿಂತವರಿಂದಲೋ ಬಂದ ಹೆಸರುಗಳು. ಒಂದೇ ಅಡ್ಡಹೆಸರು ಅಂದರೆ ಒಂದೇ ರಕ್ತ ಅಂತಲ್ಲ. ಪ್ರಭು, ಕಾಮತ್, ಪೈ, ಶೆಣೈ ಅಂತ ಮತಾಂತರಕ್ಕೂ ಹಿಂದಿನ ಹಳೇ ಮನೆತನದ ಹೆಸರು ನಿಮ್ಮಲ್ಲಿ ಯಾರಾದರೂ ಹೇಳುತ್ತಿದ್ದರೆ ಬರೆದಿಟ್ಟುಕೊಳ್ಳಿ. ಅದನ್ನು ಬಳಸುವ ಸಮಯ ಮುಂದೆ ಬರಬಹುದು.

ಇದೆಲ್ಲ ಆದ ಮೇಲೆ ಸ್ಮಶಾನಕ್ಕೆ ಹೋಗಿ. ಬೆಳಿಗ್ಗೆ ಬೇಗ ಅಥವಾ ಸಂಜೆ. ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ನೆರಳು ಬಿದ್ದು ಕಾಣುತ್ತದೆ, ಮಧ್ಯಾಹ್ನ ಏನೂ ಕಾಣುವುದಿಲ್ಲ. ಬರೀ ನೀರು ಮತ್ತು ಮೆತ್ತನೆ ಬ್ರಷ್ ಸಾಕು. ಆಸಿಡ್, ಬ್ಲೀಚಿಂಗ್, ತಂತಿ ಬ್ರಷ್ ಮುಟ್ಟಿಸಬೇಡಿ. ನಿಮ್ಮ ಕಲ್ಲು ಒಂದನ್ನೇ ಅಲ್ಲ, ಆ ಸಾಲನ್ನೇ ಫೋಟೋ ತೆಗೆಯಿರಿ. ನವೆಂಬರ್ 2ಕ್ಕೆ ಹೋಗಲು ಆದರೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಆವತ್ತು ಎಲ್ಲ ಮನೆಯವರೂ ತಮ್ಮವರ ಸಮಾಧಿಗೆ ಹೂ, ಮೇಣದ ಬತ್ತಿ ಇಡಲು ಬರುತ್ತಾರೆ. ಯಾರ ಸಮಾಧಿ ಹತ್ತಿರ ಯಾರು ನಿಂತಿದ್ದಾರೆ ನೋಡಿ, ಹೋಗಿ ಮಾತಾಡಿಸಿ.

ಒಡೆದ ಆ ಫಲಕದ ಎರಡೂ ತುಂಡನ್ನು ಆ ಮನೆಯವರ ಇಷ್ಟದಂತೆ ಹೊಸ ಗ್ರಾನೈಟಿನ ತಲೆಯ ಕಡೆ ಕೂರಿಸಿದ್ದೇವೆ. ಗ್ರಾನೈಟಿನಲ್ಲಿ ಈಗ ಅವರ ಹೆಸರು, ಅವರ ಮನೆ. ಖರ್ಚು ನಮ್ಮದೇ. ನಮ್ಮ ಅಜ್ಜನ ಅಜ್ಜ ಅದೇ ಸ್ಮಶಾನದಲ್ಲಿ ಇದ್ದಾರೆ ಅಂತ ಸಾವಿನ ಪುಸ್ತಕ ಹೇಳುತ್ತದೆ, ಕಲ್ಲಿಲ್ಲ. ಇಬ್ಬರೂ ಒಂದೇ ಅಜ್ಜನ ಮೊಮ್ಮಕ್ಕಳು ಇರಬಹುದು ಅಂತ ನನಗೂ ಆ ಅಮ್ಮನಿಗೂ ಅನಿಸುತ್ತದೆ. ಆದರೆ ಪುಸ್ತಕದಲ್ಲಿ ಸಾಲು ಸಿಗುವವರೆಗೆ ವಂಶವೃಕ್ಷದಲ್ಲಿ ಆ ಗೆರೆ ಎಳೆಯುವುದಿಲ್ಲ.

ನಿಮ್ಮ ಅಜ್ಜಿಯ ತವರಿನ ಚರ್ಚು ಯಾವುದು ಅಂತ ಮೊದಲು ವಿಚಾರಿಸಿ ಬರೆಯಿರಿ. ಲ್ಯಾಟಿನ್ ಸಾಲು ಬಿಡಿಸಲು ಕಷ್ಟವಾದರೆ ಫೋಟೋ ಹಾಕಿ, ಓದಿ ಹೇಳುತ್ತೇನೆ.