ಎರಡು ಭೇಟಿ, ಎರಡು ಬಿಪಿ

ಪತ್ರ: ‘ಒಂಬತ್ತು ವರ್ಷದ ಮಗನನ್ನು ನೆಗಡಿ, ಜ್ವರವೆಂದು ವೈದ್ಯರಲ್ಲಿಗೆ ಕರೆದೊಯ್ದಾಗ ಬಿಪಿ 122/80 ಬಂತು. ವಾರ ಬಿಟ್ಟು ನೋಡಿದರೆ 100/62. ಯಾವುದನ್ನು ನಂಬಬೇಕು? ವೈದ್ಯರು ಹೇಳದಿದ್ದರೂ ಹೆದರಿಕೊಂಡು ಅವನ ಕ್ರಿಕೆಟ್ ನಿಲ್ಲಿಸಿದ್ದೇವೆ.’
– ಓದುಗರು, ದಾವಣಗೆರೆ

ಉತ್ತರ: ಜ್ವರ ಬಿಟ್ಟಿದ್ದರೆ ಕ್ರಿಕೆಟ್ ಇವತ್ತು ಸಂಜೆಯೇ ಶುರುವಾಗಲಿ. ವೈದ್ಯರು ಬೇಡವೆನ್ನದ ಆಟವನ್ನು ಒಂದು ಅಂಕಿಗೆ ಹೆದರಿ ಬಿಡಿಸುವುದು ಬೇಡ.

ಎರಡು ಅಂಕಿಗಳೂ ಆಯಾ ಹೊತ್ತಿನ ಮಟ್ಟಿಗೆ ನಿಜವಿರಬಹುದು. ಜ್ವರ, ನೋವು, ಅಳು, ಸೂಜಿಯ ಭಯ, ತಡೆದುಕೊಂಡ ಮೂತ್ರ ಇವೆಲ್ಲ ಬಿಪಿ ಏರಿಸುತ್ತವೆ. ಕಟ್ಟಿದ ಮೂಗಿಗೆ ಕೊಡುವ ಸಿರಪ್‌ಗಳಲ್ಲಿರುವ ಫಿನೈಲೆಫ್ರಿನ್ ಕೂಡ ಏರಿಸಬಲ್ಲದು. ಸ್ಟಿರಾಯ್ಡ್ ಗುಳಿಗೆಗಳೂ ಅಷ್ಟೇ. ಮನೆಯಲ್ಲಿ ಸರಿಯಿದ್ದು ಆಸ್ಪತ್ರೆಯಲ್ಲಿ ಮಾತ್ರ ಏರುವ ಬಿಪಿಗೆ ವೈದ್ಯರು ‘ವೈಟ್ ಕೋಟ್’ ಎಂದೇ ಹೆಸರಿಟ್ಟಿದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ತೋಳಿಗೆ ಸುತ್ತುವ ಪಟ್ಟಿ. ಅದರೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಕನಿಷ್ಠ 40% ಇರಬೇಕು, ಉದ್ದ 80ರಿಂದ 100%. ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದಷ್ಟು ಹೆಚ್ಚಾಗಿ ಕಾಣುತ್ತದೆ, ದೊಡ್ಡದಾದರೆ ಕಡಿಮೆ. ಆದ್ದರಿಂದ ‘ಮಕ್ಕಳ ಪಟ್ಟಿ’ ಎಂಬ ಚೀಟಿ ನೋಡಿದರೆ ಸಾಲದು. ಗುಂಡುಗುಂಡಾದ ಹುಡುಗನಿಗೆ ದೊಡ್ಡವರ ಪಟ್ಟಿಯೇ ಬೇಕಾದೀತು. ದೊಡ್ಡ ಪಟ್ಟಿಯ ತಪ್ಪು ಇನ್ನೂ ಕೆಟ್ಟದ್ದು, ಏಕೆಂದರೆ ನಿಜವಾಗಿ ಏರಿದ ಬಿಪಿ ಅದರಲ್ಲಿ ಮರೆಯಾಗುತ್ತದೆ, ಯಾರೂ ಎರಡನೇ ಸಲ ನೋಡುವುದಿಲ್ಲ. ಅಳತೆ ಸರಿಯಿದೆಯೇ ಎಂದು ಕೇಳಲು ಸಂಕೋಚಪಡಬೇಡಿ.

ಕೂರುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಬೆನ್ನಿಗೆ ಆಸರೆ, ನೆಲಕ್ಕೂರಿದ ಪಾದ, ಮೂರರಿಂದ ಐದು ನಿಮಿಷ ಮೌನ. ಆಮೇಲೆ ಬಲತೋಳು, ಅದೂ ಹೃದಯದ ಮಟ್ಟದಲ್ಲಿ. ತೋಳು ಹತ್ತು ಸೆಂಟಿಮೀಟರ್ ಕೆಳಗೆ ಜೋತುಬಿದ್ದರೆ ಏಳೆಂಟು ಅಂಕ ಸುಮ್ಮನೆ ಏರುತ್ತದೆ. ಯಂತ್ರ ಹೆಚ್ಚು ತೋರಿಸಿದರೆ ಸ್ಟೆತಾಸ್ಕೋಪ್ ಇಟ್ಟು ಕಿವಿಯಿಂದ ಕೇಳಿ ಖಚಿತಪಡಿಸಬೇಕು. ಇದಕ್ಕೆಲ್ಲ ಹತ್ತು ನಿಮಿಷವಾದರೂ ಬೇಕು. ಹೊರಗೆ ಸಾಲು ನಿಂತಿರುವಾಗ ಆ ಹತ್ತು ನಿಮಿಷ ಸಿಗುವುದು ಕಷ್ಟವೆಂದು ಗೊತ್ತು. ಆದರೂ ಮಗುವಿಗೆ ಅದು ಸಿಗಲೇಬೇಕು.

ಹಾಗೆಂದು ಮೊದಲ ಅಂಕಿಯನ್ನು ಮರೆತುಬಿಡಬೇಡಿ. ಹದಿಮೂರು ತುಂಬದ ಮಕ್ಕಳಿಗೆ ದೊಡ್ಡವರ 120/80 ಅಳತೆಗೋಲಲ್ಲ. ವಯಸ್ಸು, ಎತ್ತರ, ಗಂಡೋ ಹೆಣ್ಣೋ ನೋಡಿ ಕೋಷ್ಟಕದಲ್ಲಿ ಹುಡುಕಬೇಕು. ನಿಮ್ಮ ಮಗನ ವಯಸ್ಸಿಗೆ 122/80 ಹೆಚ್ಚೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ಬೇರೆ ಬೇರೆ ಮೂರು ಭೇಟಿಗಳಲ್ಲೂ ಮಿತಿ ಮೀರಿದರೆ ಮಾತ್ರ ಅದು ರಕ್ತದೊತ್ತಡದ ಕಾಯಿಲೆ. ಎರಡನೆಯದು ಸರಿಯಾದ ಪಟ್ಟಿಯಲ್ಲಿ, ಮಗ ನೆಮ್ಮದಿಯಾಗಿ ಕೂತಿದ್ದಾಗ ಬಂದದ್ದಾದರೆ ನನ್ನ ನಂಬಿಕೆ ಅದರ ಮೇಲೆಯೇ. ಆದರೂ ನೆಗಡಿ ಪೂರ್ತಿ ವಾಸಿಯಾದ ಮೇಲೆ ಇನ್ನೊಮ್ಮೆ ನೋಡಿಸಿ.

ಮತ್ತೆ ಹೆಚ್ಚಾಗಿ ಬಂದರೆ ಇಪ್ಪತ್ತನಾಲ್ಕು ಗಂಟೆ ತೋಳಿನಲ್ಲೇ ಇದ್ದು ಬಿಪಿ ಬರೆದಿಡುವ ಯಂತ್ರವಿದೆ, ಅದರ ಬಗ್ಗೆ ವಿಚಾರಿಸಿ. ಚಿಕ್ಕ ಮಕ್ಕಳಲ್ಲಿ ನಿಜವಾದ ಬಿಪಿಯ ಹಿಂದೆ ಮೂತ್ರಪಿಂಡದ ತೊಂದರೆ ಇರುವುದುಂಟು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಹುಟ್ಟಿನಿಂದಲೇ ಕಿರಿದಾಗಿದ್ದರೆ ತೋಳಿನಲ್ಲಿ ಹೆಚ್ಚು, ಕಾಲಿನಲ್ಲಿ ಕಡಿಮೆ ಬರುತ್ತದೆ. ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ಹುಟ್ಟಿದಾಗ ತೂಕ ಕಡಿಮೆಯಿದ್ದರೆ, ಪದೇ ಪದೇ ಉರಿಮೂತ್ರ ಆಗಿದ್ದರೆ, ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.